ಹುಳು ಜ್ವರಕ್ಕೆ ಕೂತಾಗ ಓದುವ ಪುಸ್ತಕಗಳು

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ಗಂಗುಲಪ್ಪ ಸ್ಮಾರಕ ವಾಚನಾಲಯದ ಅಧ್ಯಕ್ಷರಾದ ಶ್ರೀ ತಿರುಮಲೇಶ್ ಅವರೇ, ಮುಖ್ಯ ಅತಿಥಿಗಳಾಗಿ ಬಂದು ಆಗಿನಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುವ ಪ್ರಾಂಶುಪಾಲರೇ, ಸಮಿತಿಯ ಹಿರಿಯರೇ, ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದೆ ಓಡಾಡುತ್ತಿರುವ ಗ್ರಂಥಪಾಲಕ ಉದಯಕುಮಾರ್ ಅವರೇ, ಶಿಡ್ಲಘಟ್ಟದ ಮಹಾಜನರೇ, ಹಿತ್ತಲಿಂದ ಸಾರಿನ ಒಗ್ಗರಣೆ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ, ಮತ್ತೆ ಹಿಂದಿನ ಸಾಲುಗಳಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುವ ನನ್ನ ಮಕ್ಕಳೇ,

ನಿಮಗೆಲ್ಲ ನನ್ನ ವಂದನೆಗಳು. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಮೈಸೂರು ಪೇಟ ಮಾತ್ರ ತಲೆಗೆ ಸ್ವಲ್ಪ ದೊಡ್ಡದಾಯಿತು, ಹುಬ್ಬಿನ ಮೇಲೆ ಇಳಿಯುತ್ತಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟಿದ್ದೇನೆ, ದಯವಿಟ್ಟು ಅಗೌರವ ಅಂತ ತಿಳಿಯಬಾರದು.

ಮೊದಲಿಗೆ ಒಂದು ತಿದ್ದುಪಡಿ. ನಿರೂಪಣೆ ಮಾಡುತ್ತಿರುವ ಮಗು ನನ್ನನ್ನು 'ಹಿರಿಯ ಸಾಹಿತಿ ಶೋಭಾರಾಣಿಯವರು' ಅಂತ ಕರೆಯಿತು. ಹಿರಿಯಳು ಹೌದು, ಅದಕ್ಕೆ ನನ್ನ ಮಂಡಿಯೇ ಸಾಕ್ಷಿ. ಸಾಹಿತಿ ಅಲ್ಲ. ನಾನು ಪೀಟಿ ಮಿಸ್. ಹೈಸ್ಕೂಲಿನಲ್ಲಿ ವಿಷಲ್ ಊದಿಕೊಂಡು ನಿವೃತ್ತಿಯಾದವಳು. ಜೀವಮಾನದಲ್ಲಿ ನಾನು ಬರೆದದ್ದು ಅಂದರೆ ಮೈದಾನದಲ್ಲಿ ಸುಣ್ಣದ ಗೆರೆ. ಅದೂ ಮಳೆ ಬಂದರೆ ಅಳಿಸಿಹೋಗುತ್ತಿತ್ತು.

ಅಧ್ಯಕ್ಷರೂ ನನ್ನ ಶಿಷ್ಯರೇ. ಖೋಖೋ ಆಟದಲ್ಲಿ ಬೆನ್ನಿಗೆ ಖೋ ಬೀಳುವ ಮೊದಲೇ ಎದ್ದು ಓಡಿಬಿಡುತ್ತಿದ್ದರು. ಎಷ್ಟು ಫೌಲ್ ಕೊಟ್ಟರೂ ಆ ಅವಸರ ಹೋಗಲಿಲ್ಲ. ನಗಬೇಡಿ ತಿರುಮಲೇಶ್, ಆ ಅಭ್ಯಾಸ ಇನ್ನೂ ಇದೆ ಅಂತ ಆಮೇಲೆ ತೋರಿಸುತ್ತೇನೆ.

ಈಗ ವಿಷಯಕ್ಕೆ ಬರೋಣ. ನನಗೆ ಕೊಟ್ಟಿರುವ ವಿಷಯ: 'ಹೆಚ್ಚು ಪರಿಚಯವಿಲ್ಲದ ಹದಿಹರೆಯದ ಕಾದಂಬರಿಗಳು.' ಒಳ್ಳೆಯ ವಿಷಯ. ಆದರೆ ನನಗಿಂತ ಮುಂಚೆ ಪ್ರಾಸ್ತಾವಿಕ ಮಾತಾಡಿದ ಅಧ್ಯಕ್ಷರು ಏನು ಹೇಳಿದರು? ಹಿಂದಿನ ಕೋಣೆಯಲ್ಲಿ ಒಂದು ಹಸಿರು ಕಪಾಟಿದೆ, ಅದರ ತುಂಬ ಯಾರೂ ಮುಟ್ಟದ ಹದಿಹರೆಯದ ಕಾದಂಬರಿಗಳಿವೆ, ನಾಳೆ ಬೆಳಿಗ್ಗೆ ಅವನ್ನು ತೆರವು ಮಾಡಿ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಇಡುತ್ತೇವೆ ಅಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಪರೀಕ್ಷೆಯ ಪುಸ್ತಕ ಬೇಡ ಅನ್ನಲು ನನಗೇನು ತಲೆ ಕೆಟ್ಟಿದೆಯೇ? ನನ್ನ ತಮ್ಮನ ಮಗ ಚಿರಂಜೀವಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ, ಮೂರು ವರ್ಷದಿಂದ ಅದನ್ನೇ ಓದುತ್ತಿದ್ದಾನೆ. ಆದರೆ ಒಂದು ಮಾತು. ನಾಳೆ ರದ್ದಿಗೆ ಹೋಗುವ ಪುಸ್ತಕಗಳನ್ನು ಇವತ್ತು ನನ್ನ ಬಾಯಲ್ಲಿ ಹೊಗಳಿಸುವುದು ಎಂಥ ಮರ್ಯಾದೆ? ಇದು ಹಬ್ಬದ ಕುರಿಗೆ ಹಾರ ಹಾಕಿದ ಹಾಗಾಯಿತಲ್ಲವೇ?

ಇರಲಿ. ಕೊಟ್ಟ ವಿಷಯವನ್ನು ನಾನು ಬಿಡುವವಳಲ್ಲ.

ಹದಿಹರೆಯದ ಕಾದಂಬರಿ ಅಂದರೆ ಏನು? ಮುಂದಿನ ಸಾಲಿನಲ್ಲಿ ಕೂತಿರುವ ಯಜಮಾನರಿಗೆ ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ. ರೇಷ್ಮೆಯ ಚಾಕಿ ಹುಳುವಿಗೆ, ಆಗಷ್ಟೇ ಮೊಟ್ಟೆ ಒಡೆದ ಮರಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತೀರಿ. ನಾಲ್ಕನೇ ಜ್ವರಕ್ಕೆ ಕೂತು ಪೊರೆ ಬಿಟ್ಟು ಎದ್ದ ಹುಳುವಿಗೆ ಕಡ್ಡಿ ಸಮೇತ ಹಾಕಿದರೂ ತಿಂದು ಹಾಕುತ್ತದೆ. ನಡುವೆ ಇರುವ ಹುಳುವಿಗೆ? ಹೆಚ್ಚಿದ ಸೊಪ್ಪು ಅದಕ್ಕೆ ಸಾಲದು, ಕಡ್ಡಿ ಸೊಪ್ಪು ಹಲ್ಲಿಗೆ ಬಾರದು. ಅದರ ಅಳತೆಗೆ ನೋಡಿ ಹಾಕಬೇಕು. ಹುಳುವಿನ ವಿಷಯದಲ್ಲಿ ಇಷ್ಟು ಸೂಕ್ಷ್ಮ ಗೊತ್ತಿರುವ ನಮ್ಮ ತಾಲೂಕಿನಲ್ಲಿ, ಹದಿನೈದರ ಮಕ್ಕಳಿಗೆ ಮಾತ್ರ ಒಂದೋ ಮೊಲ ಆಮೆ ಕಥೆ ಕೊಡುತ್ತೀರಿ, ಇಲ್ಲವೇ ಐನೂರು ಪುಟದ ದೊಡ್ಡವರ ಗೋಳು ಕೊಡುತ್ತೀರಿ. ಆಮೇಲೆ ಈಗಿನ ಮಕ್ಕಳು ಓದುವುದಿಲ್ಲ ಅಂತೀರಿ.

ಪೀಟಿ ಮಿಸ್‌ಗೂ ಕಾದಂಬರಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸ್ಟಾಫ್‌ರೂಮಿನಲ್ಲಿ ಕನ್ನಡ ಪಂಡಿತರೇ ಕೇಳುತ್ತಿದ್ದರು, ನಗುತ್ತಲೇ ಕೇಳುತ್ತಿದ್ದರು. ಹೇಳುತ್ತೇನೆ. ಹದಿನಾರರಲ್ಲಿ ನಾನು ಖೋಖೋ ಆಡುತ್ತಿದ್ದೆ. ಜಿಲ್ಲೆಗೆ ಆಡಿ ರಾಜ್ಯದ ಆಯ್ಕೆಗೆ ಹೆಸರು ಬಂದಿತ್ತು. ಆಯ್ಕೆಗೆ ಹೊರಡುವ ಹಿಂದಿನ ವಾರ, ನಮ್ಮೂರು ಜಂಗಮಕೋಟೆಯ ಮೈದಾನದಲ್ಲೇ, ಕಂಬ ಸುತ್ತುವಾಗ ಮಂಡಿ ತಿರುಚಿಕೊಂಡು ಬಿದ್ದೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿ ಮಲಗಿಸಿದರು. ನಮ್ಮಪ್ಪ ಬಯ್ಯಪ್ಪನವರು ದಿನಾ ಬಸ್ಸಿನಲ್ಲಿ ಮುದ್ದೆ ತಂದು, ತಿನ್ನಿಸಿ, ಬಾಗಿಲ ಹತ್ತಿರ ಸ್ವಲ್ಪ ಕೂತು ಹೊರಟುಬಿಡುತ್ತಿದ್ದರು. ಒಂದೇ ಒಂದು ಸಲ ಬಾಯಿಬಿಟ್ಟು, 'ಆಯ್ತು ಬಿಡಮ್ಮ, ಇನ್ನ ಮುಗೀತು ಅದು' ಅಂದರು. ಸಮಾಧಾನಕ್ಕೇ ಅಂದರು. ಆದರೆ ಮುಗೀತು ಅನ್ನುವ ಮಾತು ಹದಿನಾರರ ಹುಡುಗಿಯ ಕಿವಿಗೆ ಹೇಗೆ ಬೀಳುತ್ತದೆ ಅಂತ ಅಪ್ಪಂದಿರಿಗೆ ಗೊತ್ತಾಗುವುದಿಲ್ಲ.

ಮಂಚದ ಪಕ್ಕದ ಡಬ್ಬಿಯಂಥ ಬೀರುವಿನಲ್ಲಿ ಯಾರೋ ಬಿಟ್ಟುಹೋದ ಒಂದು ಪುಸ್ತಕ ಇತ್ತು. ಹೆಸರು 'ಏಳನೇ ಸ್ಥಾನ'. ನೀವು ಯಾರೂ ಕೇಳಿರುವುದಿಲ್ಲ, ನಾನು ಕೂಡ ಆಮೇಲೆ ಎಲ್ಲೂ ನೋಡಲಿಲ್ಲ. ಒಬ್ಬ ಹುಡುಗಿ ಓಡುತ್ತಾಳೆ, ಊರೆಲ್ಲ ಅವಳೇ ಗೆಲ್ಲುತ್ತಾಳೆ ಅನ್ನುತ್ತದೆ, ಪುಸ್ತಕದ ಅರ್ಧಕ್ಕೇ ರೇಸು ಬಂದುಬಿಡುತ್ತದೆ, ಅವಳು ಏಳನೆಯವಳಾಗಿ ಬರುತ್ತಾಳೆ. ನನಗೆ ಆಶ್ಚರ್ಯ. ಇನ್ನೂ ಅಷ್ಟೊಂದು ಪುಟ ಉಳಿದಿದೆಯಲ್ಲ, ಇನ್ನೇನು ಬರೆದಿದ್ದಾರೆ ಇವರು? ಬರೆದಿದ್ದರು. ಅವಳು ಮನೆಗೆ ಬಂದಳು, ಊಟ ಮಾಡಿದಳು, ಜಗಳ ಆಡಿದಳು, ತಂಗಿಗೆ ಸೈಕಲ್ ಕಲಿಸಿದಳು, ಕಥೆ ಮುಂದಕ್ಕೆ ಹೋಗುತ್ತಲೇ ಇತ್ತು. ಸೋತ ಮೇಲೂ ಕಥೆ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ ಸಭಿಕರೇ. ನಾನು ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದ ಕಡೆಯೇ ಅತ್ತೆ. ನರ್ಸು ನೋವಿನ ಮಾತ್ರೆ ಕೊಟ್ಟು ಹೋದರು.

ಅಂದಿನಿಂದ ನಾನು ಓದುವುದು ಹದಿಹರೆಯದವರ ಕಾದಂಬರಿ ಮಾತ್ರ. ದೊಡ್ಡವರ ಕಾದಂಬರಿಯಲ್ಲಿ ಜನ ಕಿಟಕಿ ಹತ್ತಿರ ಕೂತು ಯೋಚನೆ ಮಾಡುತ್ತಲೇ ಇರುತ್ತಾರೆ, ಎದ್ದು ಓಡುವುದಿಲ್ಲ. ನನಗೆ ತಾಳ್ಮೆ ಸಾಲದು. ಈ ಕುಂಟು ನಡಿಗೆ ನೋಡಿ ಎರಡು ಕಡೆಯ ಗಂಡಿನವರು ಕಾಫಿ ಕುಡಿದು ಎದ್ದು ಹೋದರು. ಆಮೇಲೆ ನಾನೇ ಬೇಡ ಅಂದೆ. ಅದು ಇವತ್ತಿನ ವಿಷಯವಲ್ಲ.

ಇವತ್ತಿನ ವಿಷಯ ಜ್ಯೋತಿಲಕ್ಷ್ಮಿ. ನಮ್ಮ ಬೀದಿಯ ಹುಡುಗಿ. ಹೋದ ವರ್ಷದ ಬೇಸಿಗೆಯಲ್ಲಿ ಹತ್ತನೇ ತರಗತಿ ಮುಗಿಸಿ ಮನೆಯಲ್ಲಿದ್ದಳು. ಅಪ್ಪ ಅಮ್ಮ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ಹುಳು ಮನೆಯ ಕೆಲಸ ಅಜ್ಜಿ ಚಿಕ್ಕಮುನಿಯಮ್ಮನದು ಮತ್ತು ಇವಳದು. ಒಂದು ಮಧ್ಯಾಹ್ನ ನಾನು ಅವರ ಮನೆ ಮುಂದೆ ಹೋಗುವಾಗ ಹುಳು ಮನೆಯ ಕಿಟಕಿಯಿಂದ 'ಮಿಸ್, ಮಿಸ್' ಅಂತ ಕರೆದಳು. ನಾನು ಬಾಗಿಲ ಹತ್ತಿರ ಹೋದೆ. ಚಿಕ್ಕಮುನಿಯಮ್ಮ ಅಡ್ಡ ಬಂದರು. 'ಅಲ್ಲೇ ನಿಂತ್ಕಳಮ್ಮ ಮಿಸ್ಸು, ಹುಳ ಮೂರನೇ ಜ್ವರಕ್ಕೆ ಕೂತವೆ' ಅಂದರು. ನಿಮಗೆ ಗೊತ್ತಲ್ಲ, ಬೆಳೆ ಇರುವಾಗ ಹೊರಗಿನವರು ಹುಳು ಮನೆ ಹೊಸ್ತಿಲು ದಾಟಬಾರದು. ಜಿಲ್ಲಾಧಿಕಾರಿ ಬಂದರೂ ಅಷ್ಟೇ, ಪೀಟಿ ಮಿಸ್ ಬಂದರೂ ಅಷ್ಟೇ. ನಾನು ಸೊಳ್ಳೆ ಪರದೆ ಹೊಡೆದ ಕಿಟಕಿಯ ಈಚೆ ನಿಂತೆ, ಅವಳು ಆಚೆ ಬಂದು ನಿಂತಳು.

ಹುಳು ಜ್ವರಕ್ಕೆ ಕೂತಾಗ ಏನಾಗುತ್ತದೆ? ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತವೆ, ಪೊರೆ ಬಿಡುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಆ ಒಂದು ದಿನ, ಒಂದೂವರೆ ದಿನ, ಮನೆಯವರಿಗೆ ಸೊಪ್ಪು ಕೊಯ್ಯುವ ಹಾಕುವ ಕೆಲಸವಿಲ್ಲ. ದೊಡ್ಡವರು ನಿದ್ದೆ ಮಾಡುತ್ತಾರೆ. ಜ್ಯೋತಿಲಕ್ಷ್ಮಿ ಓದುತ್ತಿದ್ದಳು. ಏನನ್ನು? ಹುಳು ಸಾಕುವ ತಟ್ಟೆಗೆ ಹಾಸಿದ ಕಾಗದವನ್ನು. ಅಜ್ಜಿ ಚಿಂತಾಮಣಿ ಸಂತೆಗೆ ಹೋದಾಗ ರದ್ದಿ ಪೇಪರು ತರುತ್ತಾರೆ, ಆ ಸಲದ ಕಟ್ಟಿನಲ್ಲಿ ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳೂ ಇದ್ದವು. ಹಾಸು ಬದಲಾಯಿಸುವಾಗ ಇವಳು ಹಾಳೆ ಹಾಳೆ ಎತ್ತಿ, ಸುಣ್ಣದ ಪುಡಿ ಕೊಡವಿ, ಪುಟದ ಅಂಕಿ ನೋಡಿ ಜೋಡಿಸಿಕೊಂಡಿದ್ದಳು. ಆ ಕಟ್ಟನ್ನು ಕಿಟಕಿಗೆ ಹಿಡಿದು ತೋರಿಸಿದಳು. ಅಲ್ಲಲ್ಲಿ ಹುಳು ಓಡಾಡಿದ ಗುರುತು, ಸೊಪ್ಪಿನ ಕಲೆ. ಹೆಸರು 'ಗಿರಣಿ ನಿಂತ ದಿನ'.

ಕಥೆ ಇಷ್ಟು. ಒಂದು ಸಣ್ಣ ಊರು, ಒಂದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿಗೆ ಅಪ್ಪನ ಕಿವಿ ಹೋಗಿದೆ. ಮಗಳು ನಾಗು ಅವನ ಕಿವಿಯಾಗಿದ್ದಾಳೆ. ಬಂದವರು ರಾಗಿಯೋ ಗೋಧಿಯೋ ಅಂತ ಹೇಳಿದ್ದನ್ನು ಅವಳೇ ಅಪ್ಪನಿಗೆ ಕೈಸನ್ನೆಯಲ್ಲಿ ಹೇಳಬೇಕು. ಅವಳಿಗೆ ದೂರದ ಊರಿನ ಹಾಸ್ಟೆಲಿನಲ್ಲಿ ಓದಲು ಸೀಟು ಸಿಗುತ್ತದೆ. ಹೋಗಬೇಕೋ, ಉಳಿಯಬೇಕೋ? ಬಸ್ಸು ಬರುವ ಬೆಳಿಗ್ಗೆಯವರೆಗೆ ಹಾಳೆಗಳಿದ್ದವು. ಆಮೇಲಿನವು ಇರಲಿಲ್ಲ. ಹುಳುವಿನ ಕಸದ ಜೊತೆ ತಿಪ್ಪೆ ಸೇರಿದ್ದವು.

ಜ್ಯೋತಿಲಕ್ಷ್ಮಿ ಕೇಳಿದಳು, 'ಮಿಸ್, ಅವಳು ಹೋದ್ಲಾ, ಉಳಿದ್ಲಾ?'

ನನಗೆ ಗೊತ್ತಿರಲಿಲ್ಲ. ನಾನು ಓದದ ಪುಸ್ತಕ ಅದು. ಮೇಷ್ಟ್ರುಗಳಿಗೆ ಗೊತ್ತಿಲ್ಲದಿದ್ದಾಗ ಏನು ಹೇಳುತ್ತೇವೆ? ಅದನ್ನೇ ಹೇಳಿದೆ. ಕೊನೆ ನೀನೇ ಕಲ್ಪಿಸಿಕೊಂಡು ಬರಿಯಮ್ಮ, ಸೃಜನಶೀಲತೆ ಬೆಳೆಯುತ್ತೆ ಅಂದೆ. ಆ ಹುಡುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. 'ನಂದು ನಾನೇ ಮಾಡ್ಕೊಂತೀನಿ ಮಿಸ್. ಅವಳದು ಏನಾಯ್ತು ಅಂತ ಗೊತ್ತಾಗ್ಬೇಕು' ಅಂದಳು.

ಆಗ ನನಗೆ ತಿಳಿಯಿತು. ಜ್ಯೋತಿಲಕ್ಷ್ಮಿಗೂ ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಸೀಟು, ಹಾಸ್ಟೆಲು ಎರಡೂ ಸಿಕ್ಕಿದ್ದವು. ಅಜ್ಜಿಯ ಕಣ್ಣು ಮಂಜಾಗುತ್ತಿತ್ತು, ಜ್ವರ ಕೂತ ಹುಳು ಯಾವುದು, ಸೋಂಕು ಹತ್ತಿದ ಹುಳು ಯಾವುದು ಅಂತ ಇವಳೇ ನೋಡಿ ಹೇಳಬೇಕಿತ್ತು. ಮನೆಯಲ್ಲಿ ಯಾರೂ ಹೋಗಬೇಡ ಅಂದಿರಲಿಲ್ಲ. ಹೋಗು ಅಂತಲೂ ಅಂದಿರಲಿಲ್ಲ. ಕಾಲೇಜಿಗೆ ಸೇರಲು ಉಳಿದಿದ್ದದ್ದು ಹೆಚ್ಚೆಂದರೆ ಹುಳುವಿನ ಒಂದು ಬೆಳೆಯ ಕಾಲ, ಒಂದು ತಿಂಗಳು.

ಅವಳಿಂದ ಒಂದು ಹಾಳೆ ಇಸಿದುಕೊಂಡು ಮಾರನೆಯ ದಿನವೇ ಚಿಂತಾಮಣಿಗೆ ಹೋದೆ. ರದ್ದಿ ಅಂಗಡಿಯ ಖಾಜಾ ಪೀರ್ ಅವರು ಟೀ ತರಿಸಿದರು, ಹಾಳೆ ನೋಡಿದರು. 'ಇದಾ ಮೇಡಂ? ನಿಮ್ಮ ಶಿಡ್ಲಘಟ್ಟದ ಮಾಲೇ' ಅಂದರು. ನಿಜ. ಹಾಳೆಯ ಮೂಲೆಯಲ್ಲಿ ಮಾಸಿದ ಮೊಹರು ಇತ್ತು, ಗಂಗುಲಪ್ಪ ಸ್ಮಾರಕ ವಾಚನಾಲಯ ಅಂತ. ಹಿಂದಿನ ಸಮಿತಿಯ ಕಾಲದಲ್ಲಿ ಜಾಗವಿಲ್ಲ ಅಂತ ಅರ್ಧ ಕಪಾಟು ತೂಕಕ್ಕೆ ಹೋಗಿತ್ತು. ನಾನು ಟೀ ಕುಡಿಯದೆ ಎದ್ದೆ. ಪಾಪ, ಅವರದೇನು ತಪ್ಪು? ಆದರೆ ಕೋಪ ಬಂದಾಗ ಎದುರಿಗಿದ್ದವರ ಟೀಯೇ ಸಿಗುತ್ತದೆ.

ಅಲ್ಲಿಂದ ನೇರ ಇಲ್ಲಿಗೆ ಬಂದೆ. ಉದಯಕುಮಾರ್ ಆಗ ತಾನೇ ಕೆಲಸಕ್ಕೆ ಸೇರಿದ್ದರು. ಹಿಂದಿನ ಕೋಣೆ ತೆಗೆದು, ಹಸಿರು ಕಪಾಟಿನ ಬಾಗಿಲಿಗೆ ಎಣ್ಣೆ ಬಿಟ್ಟು ತೆರೆದರು. ಉಳಿದರ್ಧ ಅಲ್ಲಿತ್ತು. ನಮ್ಮ ಭಾಗ್ಯಕ್ಕೆ 'ಗಿರಣಿ ನಿಂತ ದಿನ'ದ ಇನ್ನೊಂದು ಪ್ರತಿಯೂ ಇತ್ತು. ಬರೆದವರ ಹೆಸರಿದೆ, ಅವರು ಯಾರು, ಇನ್ನೇನು ಬರೆದರು, ಯಾರಿಗೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೊನೆ ಓದಿದೆ. ಎರಡು ಜಂಗಮಕೋಟೆ ಬಸ್ಸು ಬಿಟ್ಟೆ.

ನಾಗು ಹೋದಳೋ ಉಳಿದಳೋ? ಹೇಳುವುದಿಲ್ಲ. ಓದಿ. ಪುಸ್ತಕ ಪರಿಚಯ ಮಾಡಲು ಬಂದವರು ಕೊನೆ ಹೇಳಿದರೆ ಅದು ಮದುವೆ ಮಾಡಿಸಲು ಹೋಗಿ ತಾಳಿಯನ್ನೂ ತಾನೇ ಕಟ್ಟಿಬಂದ ಹಾಗೆ. ಜ್ಯೋತಿಲಕ್ಷ್ಮಿ ಹೊಸ್ತಿಲ ಹತ್ತಿರ ಬಂದು ಪುಸ್ತಕ ಇಸಿದುಕೊಂಡು, ಹುಳು ನಾಲ್ಕನೇ ಜ್ವರಕ್ಕೆ ಕೂತಾಗ ಕೊನೆ ಓದಿ, ನನ್ನನ್ನು ಕರೆದಳು. ಮುಖ ಗಂಟಿಕ್ಕಿಕೊಂಡಿದ್ದಳು. 'ಅವಳು ಮಾಡಿದ್ದು ತಪ್ಪು ಮಿಸ್. ಅಪ್ಪನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ದೇನೆ ತಾನೇ ತೀರ್ಮಾನ ಮಾಡ್ಬಿಟ್ಲು. ನಾನು ಅಜ್ಜಿನ ಕೇಳ್ತೀನಿ' ಅಂದಳು. ಕೇಳಿದಳು. ಕಥೆಯ ಹುಡುಗಿ ಏನು ಮಾಡಿದಳೋ ಅದಕ್ಕೆ ತಿರುಗಾಮುರುಗಾ ಮಾಡಿದಳು. ಪುಸ್ತಕ ದಾರಿ ತೋರಿಸುತ್ತದೆ ಅಂತ ಇಂಥ ಸಭೆಗಳಲ್ಲಿ ಹೇಳುತ್ತಾರಲ್ಲ, ನನಗೆ ಅದರಲ್ಲಿ ನಂಬಿಕೆ ಕಡಿಮೆ. ಹದಿನೈದರ ಮಗುವಿಗೆ ಜಗಳ ಆಡಲು ತನ್ನ ವಯಸ್ಸಿನ ಇನ್ನೊಬ್ಬಳು ಬೇಕು. ಅವಳು ಪುಸ್ತಕದಲ್ಲಿ ಸಿಗುತ್ತಾಳೆ. ಅಷ್ಟು ಸಾಕು.

ಅಲ್ಲಿಂದ ಶುರುವಾಯಿತು. ಜ್ಯೋತಿಲಕ್ಷ್ಮಿ ಗೆಳತಿಗೆ ಹೇಳಿದಳು, ಆ ಗೆಳತಿ ಇನ್ನೊಬ್ಬಳಿಗೆ ಹೇಳಿದಳು. ನಾನು ನನ್ನ ಕಾರ್ಡಿನ ಮೇಲೆ ಪುಸ್ತಕ ತರುವುದು, ಮಕ್ಕಳು ನಮ್ಮ ಮನೆ ಜಗಲಿಗೆ ಬಂದು ತೆಗೆದುಕೊಂಡು ಹೋಗುವುದು. ವಾಪಸ್ಸಿಗೆ ತಾರೀಖು ಇಟ್ಟೆ, ನಡೆಯಲಿಲ್ಲ. ಸೊಪ್ಪು ಹಾಕುವ ದಿನಗಳಲ್ಲಿ ಯಾವ ಮಗು ಓದೀತು? ಕೊನೆಗೆ ಜ್ವರದ ಲೆಕ್ಕವೇ ಸರಿ ಅಂತ ತೀರ್ಮಾನವಾಯಿತು. ನಿಮ್ಮ ಮನೆಯ ಹುಳು ಜ್ವರಕ್ಕೆ ಕೂತಾಗ ನೀವು ಓದಿ, ಎದ್ದ ತಕ್ಷಣ ಪಕ್ಕದ ಮನೆಗೆ ಕೊಡಿ, ಅವರ ಹುಳು ಅಷ್ಟೊತ್ತಿಗೆ ಕೂತಿರುತ್ತದೆ. ಬೆಳಗಿನ ಡೈರಿಗೆ ಹಾಲು ಹಾಕಲು ಬಂದಾಗ ಕ್ಯಾನಿನ ಪಕ್ಕದಲ್ಲಿ ಪುಸ್ತಕ ಕೈ ಬದಲಾಗುತ್ತಿತ್ತು. ಹುಡುಗರೂ ಓದಿದರು. ಓದಲಿಲ್ಲ ಅಂತ ಹೇಳಿಕೊಂಡೇ ಓದಿದರು.

ಪುಸ್ತಕ ಶಿಫಾರಸು ಮಾಡುವುದು ಸುಲಭ ಅಂದುಕೊಳ್ಳಬೇಡಿ. ಇಲ್ಲೇ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯ ಹುಡುಗಿ ಲುಬ್ನಾ. ತಾಯಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ನಾನು ಬುದ್ಧಿವಂತಿಕೆ ಮಾಡಿ, ತಾಯಿ ಇಲ್ಲದ ಹುಡುಗಿಯ ಕಾದಂಬರಿ ಹುಡುಕಿ ಕೊಟ್ಟೆ. ಮೂರನೇ ದಿನ ವಾಪಸ್ಸು ತಂದಳು. 'ಮಿಸ್, ಅಳೋದು ನಂಗೆ ಪುಸ್ತಕ ಇಲ್ಲದೇನೂ ಬರ್ತದೆ. ನಗೋದು ಇದ್ರೆ ಕೊಡಿ' ಅಂದಳು. 'ಹೆಡ್‌ಮಾಸ್ಟರ ಕೋಳಿ' ಕೊಟ್ಟೆ. ಹೆಡ್‌ಮಾಸ್ಟರು ಶಾಲೆಯ ಹಿತ್ತಲಿನಲ್ಲಿ ಸಾಕಿದ ಕೋಳಿ ಮಾಯವಾಗುತ್ತದೆ, ಮೂವರು ಹುಡುಗಿಯರ ಮೇಲೆ ಅನುಮಾನ, ಅದೇ ದಿನ ಇನ್‌ಸ್ಪೆಕ್ಟರಿಗೆ ಕೋಳಿ ಊಟ. ಬರೆದವರು ಮಹಾ ತುಂಟರಿರಬೇಕು. ಲುಬ್ನಾ ಅದನ್ನು ತನ್ನ ಅಬ್ಬಾನಿಗೆ ಉರ್ದುವಿನಲ್ಲಿ ಹೇಳಿದಾಗ ಅವರು ನೂಲಿನ ಬಾಣಲೆ ಮುಂದೆಯೇ ನಕ್ಕರಂತೆ. ಆ ಮನೆಯಲ್ಲಿ ಆ ವರ್ಷದ ಮೊದಲ ನಗು ಅದು ಅಂತ ಹೇಳಿದಳು. ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ, 'ಗೋಡೆಗೆ ಎರಡು ಬಾಗಿಲು'. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಮೇಲೆ, ನಿನ್ನೆಯವರೆಗೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಅವರ ಇಬ್ಬರು ಹುಡುಗಿಯರು ಏನು ಮಾಡುತ್ತಾರೆ ಅನ್ನುವ ಕಥೆ. ಪಾಲು ಪಾರೀಕತ್ತಿನ ಜಗಳ ಇರುವ ಮನೆಗಳಿಗೆ ಅದನ್ನು ಹುಡುಕಿಕೊಂಡು ಕೊಡುತ್ತೇನೆ. ಯಾರ ಮನೆಗೆ ಅಂತ ಇಲ್ಲಿ ಹೇಳುವುದಿಲ್ಲ. ಮುಂದಿನ ಸಾಲಿನವರು ನೆಲ ನೋಡುವುದು ಬೇಡ.

ಈಗ ಅಧ್ಯಕ್ಷರ ಮಾತಿಗೆ ಬರುತ್ತೇನೆ. ಯಾರೂ ಮುಟ್ಟದ ಕಪಾಟು ಅಂದರು. ಅವರು ಸುಳ್ಳು ಹೇಳಲಿಲ್ಲ. ವಾಚನಾಲಯದ ದಾಖಲೆ ತೆಗೆದು ನೋಡಿದರೆ ಆ ಕಪಾಟಿನಿಂದ ಪುಸ್ತಕ ಒಯ್ದವರು ಒಬ್ಬರೇ, ನಿವೃತ್ತ ಪೀಟಿ ಮಿಸ್ ಒಬ್ಬರು. ಒಬ್ಬ ಮುದುಕಿಗಾಗಿ ಒಂದು ಕಪಾಟೇ ಅಂತ ಸಮಿತಿ ಕೇಳಿದರೆ ತಪ್ಪೇನು? ನಾನೇ ಸಮಿತಿಯಲ್ಲಿದ್ದರೂ ಕೇಳುತ್ತಿದ್ದೆ. ನಮ್ಮ ಊರುಗಳ ಮಕ್ಕಳು ಕಾರ್ಡು ಮಾಡಿಸಿಕೊಂಡಿರಲಿಲ್ಲ. ಕಾರ್ಡಿಗೆ ಅಪ್ಪನೋ ಅಮ್ಮನೋ ಬಂದು ರುಜು ಹಾಕಬೇಕು. ಬೆಳೆ ಇರುವಾಗ ದೊಡ್ಡವರು ಹುಳು ಮನೆ ಬಿಟ್ಟು ಬರುವುದಿಲ್ಲ, ಬೆಳೆ ಮುಗಿದ ಮೇಲೆ ರೇಷ್ಮೆ ಗೂಡಿನ ಮಾರುಕಟ್ಟೆ ಬಿಟ್ಟು ಬೇರೆ ಕಡೆ ತಿರುಗುವುದಿಲ್ಲ. ಹಾಗಾಗಿ ಪುಸ್ತಕ ಮನೆ ಮನೆ ತಿರುಗಿತು, ಹೆಸರು ಮಾತ್ರ ಎಲ್ಲೂ ಬೀಳಲಿಲ್ಲ. ಒಬ್ಬರ ಕಾರ್ಡಿನಲ್ಲಿ ಊರೆಲ್ಲ ಓದಿತು.

ಕಪಾಟು ಹೋಗುತ್ತದೆ ಅನ್ನುವ ಸುದ್ದಿ ಹೋದ ವಾರವೇ ನನ್ನ ಕಿವಿಗೆ ಬಿತ್ತು. ಯಾರು ಹೇಳಿದರು ಅಂತ ಕೇಳಬೇಡಿ, ಅವರು ಬೆಳಗಿನಿಂದ ನೀರು ಕುಡಿದಿಲ್ಲ ಅಂತ ಆಗಲೇ ಹೇಳಿದ್ದೇನೆ. ಸುದ್ದಿ ಕೇಳಿ ಮನೆಗೆ ಹೋಗಿ ಜಗಲಿಯ ಮೇಲೆ ಕೂತೆ. ಆ ಪುಸ್ತಕಗಳು ಹೋದರೆ ಮಕ್ಕಳು ಬೇರೆ ಏನೋ ಓದಿಯಾರು. ಆದರೆ ನಮ್ಮ ಜಗಲಿಗೆ ಯಾಕೆ ಬಂದಾರು? ನಿವೃತ್ತಿಯಾದ ಮೇಲೆ ನನ್ನನ್ನು ಮಿಸ್ ಅಂತ ಕರೆಯುತ್ತಿರುವವರು ಆ ಮಕ್ಕಳೇ. ಗಂಡಿನವರು ಎದ್ದು ಹೋದರು ಅಂದೆನಲ್ಲ, ಅದು ಇವತ್ತಿನ ವಿಷಯವಲ್ಲ ಅಂದೆ. ಸ್ವಲ್ಪ ಇವತ್ತಿನ ವಿಷಯವೂ ಹೌದು. ನಮ್ಮ ಮನೆಯಲ್ಲಿ ಸಾಯಂಕಾಲ ಮಾತು ಅಂತ ಕೇಳುವುದು ಆ ಮಕ್ಕಳು ಬಂದು, ಆ ಪುಸ್ತಕದ ಹುಡುಗಿಯರ ಬಗ್ಗೆ ಜಗಳ ಆಡಿದಾಗ ಮಾತ್ರ. ನನಗೆ ಆ ಜಗಳ ಬೇಕು.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಮಾರನೆಯ ದಿನ ಎದ್ದು ಚಿಕ್ಕಮುನಿಯಮ್ಮನ ಮನೆಗೆ ಹೋದೆ, ಹೊಸ್ತಿಲಾಚೆಯೇ ನಿಂತು ವಿಷಯ ಹೇಳಿದೆ. ಆಕೆಗೆ ಓದು ಬರುವುದಿಲ್ಲ, ಆದರೆ ಊರಿನಲ್ಲಿ ಯಾರ ಮನೆಯ ಹುಳು ಯಾವ ಜ್ವರದಲ್ಲಿದೆ ಅಂತ ಗೊತ್ತು. ಯಾರನ್ನು ಯಾವತ್ತು ಬಿಡಿಸಿ ಕಳಿಸಬಹುದು ಅಂತ ಆಕೆಯೇ ಹೇಳಿದರು. ಜ್ವರಕ್ಕೆ ಕೂತ ಮನೆಗಳಿಂದ ಅಪ್ಪಂದಿರು, ಅಮ್ಮಂದಿರು ಒಬ್ಬೊಬ್ಬರಾಗಿ ಇಲ್ಲಿಗೆ ಬಂದು ಮಕ್ಕಳ ಕಾರ್ಡಿಗೆ ರುಜು ಹಾಕಿ ಹೋದರು. ಅವರು ಬಂದದ್ದು ಅಧ್ಯಕ್ಷರಿಗೆ ತಿಳಿಯಲಿಲ್ಲ, ಅವರು ವಾರ್ಷಿಕೋತ್ಸವದ ಪೆಂಡಾಲಿನ ಗಡಿಬಿಡಿಯಲ್ಲಿದ್ದರು.

ನಮ್ಮ ವಾಚನಾಲಯದ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇದೆ. ಸ್ಥಾಪಕರಾದ ಗಂಗುಲಪ್ಪನವರೇ ಬರೆಸಿದ ನಿಯಮಗಳು. ಓದುಗರ ಕೈಯಲ್ಲಿರುವ ಪುಸ್ತಕವನ್ನು ಯಾವ ಕಾರಣಕ್ಕೂ ದಾಸ್ತಾನಿನಿಂದ ತೆಗೆಯತಕ್ಕದ್ದಲ್ಲ ಅಂತ ಅದರಲ್ಲಿ ಇದೆ. ಪುಣ್ಯಾತ್ಮರು. ಅದಕ್ಕೇ ತಿರುಮಲೇಶ್, ಖೋ ಬೀಳುವ ಮುಂಚೆ ಎದ್ದು ಓಡಬಾರದು ಅಂತ ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಪ್ರಾಸ್ತಾವಿಕಕ್ಕೆ ಮುಂಚೆ ಹಿಂದಿನ ಕೋಣೆಗೆ ಹೋಗಿ ಒಮ್ಮೆ ನೋಡಿ ಬರಬೇಕಿತ್ತು.

ಮಕ್ಕಳೇ, ಸಾವಧಾನ್. ಚೀಲ ತೆಗೆಯಿರಿ. ಕೈ ಮೇಲೆ.

ನೋಡಿ ಸಭಿಕರೇ. ಹಿಂದಕ್ಕೆ ತಿರುಗಿ ನೋಡಿ. ಜಂಗಮಕೋಟೆ ಮಕ್ಕಳು, ಶಿಡ್ಲಘಟ್ಟದ ಮಕ್ಕಳು, ಸುತ್ತಲ ಹಳ್ಳಿಗಳ ಮಕ್ಕಳು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು, ಕೆಲವರ ಕೈಯಲ್ಲಿ ಎರಡು, ಎಲ್ಲ ಅವರವರ ಕಾರ್ಡಿನ ಮೇಲೆ ಬರೆಸಿಕೊಂಡದ್ದು. ಲುಬ್ನಾ, ಕೋಳಿಯನ್ನು ಇನ್ನೂ ಮೇಲಕ್ಕೆ ಎತ್ತಮ್ಮ, ಪ್ರಾಂಶುಪಾಲರಿಗೆ ಕಾಣಲಿ. ಕೊನೆಯ ಸಾಲಿನಲ್ಲಿ 'ಗಿರಣಿ ನಿಂತ ದಿನ' ಹಿಡಿದುಕೊಂಡು ನಿಂತಿರುವವಳೇ ಜ್ಯೋತಿಲಕ್ಷ್ಮಿ. ಇವತ್ತಿನ ಸಭೆಗೆ ಅಂತಲೇ ಹಾಸ್ಟೆಲ್ ವಾರ್ಡನ್ ಹತ್ತಿರ ರಜೆ ಕೇಳಿ, ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಾಳೆ.

ಅಯ್ಯೋ, ಹೇಳಿಬಿಟ್ಟೆನಲ್ಲ. ಇವಳು ಹೋದಳು ಅಂದರೆ ನಾಗು ಏನು ಮಾಡಿದಳು ಅಂತಲೂ ಗೊತ್ತಾಗಿಹೋಯಿತು. ಹೋಗಲಿ, ಹೇಳಿದ್ದು ಹೇಳಿಯಾಯಿತು, ಚಿಕ್ಕಮುನಿಯಮ್ಮನ ಮಾತನ್ನೂ ಹೇಳಿಬಿಡುತ್ತೇನೆ. ಹೋಗಲಾ ಅಜ್ಜಿ ಅಂತ ಮೊಮ್ಮಗಳು ಕೇಳಿದಾಗ ಆಕೆ ಸೊಪ್ಪು ಉದುರಿಸುತ್ತಾ, ತಲೆ ಎತ್ತದೆ, 'ಜ್ವರ ಎದ್ದ ಹುಳ ಹಳೇ ಹಾಸಲ್ಲೇ ಇರ್ತದಾ? ಹೋಗಮ್ಮ. ನಂಗೆ ಕಣ್ಣಿಲ್ದಿದ್ರೆ ಕೈ ಅದೆ' ಅಂದರಂತೆ. ಕಥೆಯ ನಾಗು ಅವಳ ಅಪ್ಪನನ್ನು ಕೇಳಿದ್ದರೆ ಅವನ ಉತ್ತರವೂ ಇದೇ ಆಗಿರುತ್ತಿತ್ತೋ ಏನೋ. ಅದಕ್ಕಾದರೂ ಪುಸ್ತಕ ಓದಿ.

ಅಧ್ಯಕ್ಷರೇ, ಹಸಿರು ಕಪಾಟು ಬೆಳಿಗ್ಗೆಯೇ ಖಾಲಿಯಾಗಿದೆ, ಒರೆಸಿಯೂ ಇಟ್ಟಿದ್ದೇವೆ. ನಾಳೆ ನಿಮ್ಮ ಪರೀಕ್ಷೆಯ ಪುಸ್ತಕಗಳನ್ನು ಧಾರಾಳವಾಗಿ ಜೋಡಿಸಿ, ನಮ್ಮ ಚಿರಂಜೀವಿಗೂ ಒಂದು ಕಾರ್ಡು ಕೊಡಿ. ಈ ಕಾದಂಬರಿಗಳಿಗೆ ಕಪಾಟು ಬೇಡ. ಗಡುವು ಮುಗಿದ ದಿನ ಒಬ್ಬಳು ತಂದು ಮೇಜಿನ ಮೇಲೆ ಇಡುತ್ತಾಳೆ, ಹಿಂದೆಯೇ ನಿಂತ ಇನ್ನೊಬ್ಬಳು ತನ್ನ ಹೆಸರಿಗೆ ಬರೆಸಿಕೊಂಡು ಎತ್ತಿಕೊಳ್ಳುತ್ತಾಳೆ. ಒಬ್ಬಳು ಕೂತರೆ ಇನ್ನೊಬ್ಬಳು ಏಳುತ್ತಾಳೆ. ಈ ಆಟ ಹೇಗೆ ಆಡಬೇಕು ಅಂತ ಅವರಿಗೆ ಕಲಿಸಿದವಳು ನಾನು.

ಈ ಪೀಟಿ ಮಿಸ್‌ಗೆ ಶಾಲು ಹೊದಿಸಿದ ಸಮಿತಿಗೆ, ಹುಳು ಬಿಟ್ಟು ಬಂದು ರುಜು ಹಾಕಿದ ತಂದೆತಾಯಂದಿರಿಗೆ, ಹೊಸ್ತಿಲಾಚೆ ನಿಲ್ಲಿಸಿಯೇ ಇಷ್ಟೆಲ್ಲ ಮಾಡಿಕೊಟ್ಟ ಚಿಕ್ಕಮುನಿಯಮ್ಮನವರಿಗೆ, ಒಗ್ಗರಣೆ ವಾಸನೆಯನ್ನು ಸಹಿಸಿಕೊಂಡು ಕೂತ ನಿಮಗೆಲ್ಲ ನನ್ನ ಧನ್ಯವಾದಗಳು. ಉದಯಕುಮಾರ್ ಅವರಿಗೆ ಯಾರಾದರೂ ಒಂದು ಲೋಟ ನೀರು ಕೊಡಿ. ಮಕ್ಕಳೇ, ಕೈ ಇಳಿಸಿ, ಊಟಕ್ಕೆ ಸಾಲಾಗಿ ಹೋಗಿ. ಪುಸ್ತಕಕ್ಕೆ ಸಾರು ಚೆಲ್ಲಿಕೊಂಡವರು ನಾಳೆ ಸಾಯಂಕಾಲ ನಮ್ಮ ಜಗಲಿಗೆ ಬಂದು ಬೈಸಿಕೊಳ್ಳಬೇಕು. ಚೆಲ್ಲಿಕೊಳ್ಳದವರೂ ಬನ್ನಿ. ನಮಸ್ಕಾರ.